ಸಾಲು ತುಂಬಿತು, ಗಲ್ಲೆ ಬರಿದಾಯಿತು

ಹಳೇ ಬಂಗಾರದ ನಾಣ್ಯಗಳ ಸಾಲು ಪೂರ್ತಿ ಮಾಡಿದರೆ ದುಪ್ಪಟ್ಟು ಲಾಭ ಎಂಬ ಮಾತನ್ನು ಮೂಡಲಗಿಯ ಅಂಗಡಿಕಾರರು ತೂಗಿ ನೋಡಬೇಕು. ಐದನೇ ಜಾರ್ಜ್ ದೊರೆಯ ಸವರನ್ನೇ ತಗೊಳ್ರಿ. ಲಂಡನ್ನಿನಿಂದ ಪ್ರಿಟೋರಿಯಾ ತನಕ ಏಳು ಟಂಕಸಾಲೆಗಳಲ್ಲಿ ಅದು ಅಚ್ಚಾಯಿತು. ಮುಂಬಯಿಯಲ್ಲಿ 1918ರಲ್ಲಿ ಮಾತ್ರ. ಗುರುತು ‘ಐ’ ಅಕ್ಷರ. ಆದರೂ ಅವು ಸುಮಾರು 13 ಲಕ್ಷ! ಒಂದೇ ವರ್ಷದ್ದು ಅಂದ ಮಾತ್ರಕ್ಕ ಅಪರೂಪ ಆಗೂದಿಲ್ಲ.

ತೂಕ ಸುಮಾರು 8 ಗ್ರಾಂ, 22 ಕ್ಯಾರೆಟ್. ಅಕ್ಕಸಾಲಿಗ ಕೊಡುವುದು ಬಂಗಾರದ ದುಡ್ಡು. ಸಾಲಿನ ದುಡ್ಡು ಕೊಡುವವ ಇನ್ನೊಬ್ಬ ಹವ್ಯಾಸಿ. ಅವ ಬೇಕಾದಾಗ ಸಂತ್ಯಾಗ ಸಿಗತಾನೇನು? ಮಗಳ ಮದುವೆ, ಮಾಲಿನ ಬಾಕಿ ಅವನಿಗಾಗಿ ಕಾಯೂದಿಲ್ಲ. ಹವ್ಯಾಸಕ್ಕೆ ಮಿಕ್ಕ ದುಡ್ಡು ಹಾಕಲಿ; ಗಲ್ಲೆಯ ಬಂಡವಾಳಕ್ಕೆ ಕೈ ಹಚ್ಚುವುದು ಬೇಡ.