'ಏಕೆಂದರೆ' ಎಲ್ಲಿದೆ?

ಮೊನ್ನೆ ಕೆಂಚಾರ್ಲಹಳ್ಳಿಗೆ ಹೋದಾಗ ಅಕ್ಕನ ಮಗನಿಗೆ ಪಾಠ ಓದಿಸ್ತಿದ್ದೆ. 'ಕಾರಣ ಕೊಡಿ' ಅಂದ್ರೆ ಸಾಕು, 'ಏಕೆಂದರೆ' ಹುಡುಕಿ ಅದರ ಮುಂದಿನದನ್ನ ಹಾಗೇ ಬರೀತಾನೆ. ನಾನೂ ಇಂಜಿನಿಯರಿಂಗ್‌ವರೆಗೆ ಹೀಗೇ ಪಾಸಾದವನು ಬಿಡಿ :)

ಆದ್ರೆ ಕನ್ನಡದಲ್ಲಿ ಕಾರಣ ಎಷ್ಟೋ ಸಲ ಆ ಪದವಿಲ್ಲದೇ ಬರುತ್ತೆ. 'ಉಂಡು ಮಲಗಿದ' - ಒಂದಾದ ಮೇಲೊಂದು, ಅಷ್ಟೇ. 'ಮಳೆ ಹೆಚ್ಚಾಗಿ ರಾಗಿ ಕೊಳೆಯಿತು' - ಇಲ್ಲಿ ಮೊದಲನೆಯದೇ ಕಾರಣ. ವ್ಯತ್ಯಾಸ ತಿಳಿಯಬೇಕಾದವನು ಓದುಗ.

ನಮ್ಮ ಚಿಂತಾಮಣಿ ಕಡೆ ಕೊಳವೆಬಾವಿಗಳು ಆಳಕ್ಕಿಳಿದವು, ಎಷ್ಟೋ ಊರಲ್ಲಿ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿತು, ಮಕ್ಕಳ ಹಲ್ಲಲ್ಲಿ ಕಂದು ಕಲೆ ಬಂತು. ನಡುವೆ 'ಏಕೆಂದರೆ' ಯಾರೂ ಬರೆದಿಟ್ಟಿಲ್ಲ. ಪಾಠದಲ್ಲೇ ಕಾರಣ ಕಾಣದವನಿಗೆ ಊರಲ್ಲಿ ಕಂಡೀತೇ?

'ಮೊದಲನೆಯದು ಆಗದೇ ಇದ್ದಿದ್ರೆ ಎರಡನೆಯದು ಆಗ್ತಿತ್ತಾ?' - ಮಕ್ಕಳನ್ನ ಹೀಗೆ ಕೇಳಿ ನೋಡಿ. ನೀವೇನಂತೀರಿ?