ಹಳಿ ಕಿತ್ತ ದಾರಿ, ಘಾಟಿ ರಸ್ತೆ

ಬೆಟ್ಟದ ಕಾಡಿನಲ್ಲಿ ದಿನಗಟ್ಟಲೆ ಸೈಕಲ್ ತುಳಿಯಬೇಕು, ಬೆನ್ನ ಹಿಂದೆ ಲಾರಿಯ ಹಾರ್ನ್ ಮಾತ್ರ ಕೇಳಬಾರದು ಎಂಬ ಆಸೆ ಸೈಕಲ್ ಪ್ರವಾಸದ ಹುಚ್ಚು ಹತ್ತಿದ ಯಾರಿಗಾದರೂ ಇರುತ್ತದೆ. ಯುರೋಪಿನಲ್ಲಿ ಈ ಆಸೆಗೆಂದೇ ಮಾಡಿಟ್ಟ ಹಾದಿಗಳಿವೆ. ಅವುಗಳಲ್ಲಿ ಹೆಸರಾದದ್ದು ಫೆನ್‌ಬಾನ್. ಜರ್ಮನಿಯ ಆಖೆನ್ ನಗರದಲ್ಲಿ ಹೊರಟು, ಐಫೆಲ್ ಮತ್ತು ಆರ್ಡೆನ್ ಗುಡ್ಡಗಾಡಿನಲ್ಲಿ ಬೆಲ್ಜಿಯಂನ ಜೌಗುನೆಲವನ್ನೂ ಕಾಡನ್ನೂ ಹಾದು, ಲಕ್ಸೆಂಬರ್ಗಿನ ತ್ರುವಾವಿಯೆರ್ಜ್ ಎಂಬ ಪುಟ್ಟ ಊರಿನಲ್ಲಿ ಮುಗಿಯುವ ಸುಮಾರು 125 ಕಿ.ಮೀ. ದಾರಿ ಇದು. ಇದನ್ನು ಹೊಗಳುವವರು ಬಹಳ. ನಿಜವಾದ ಸೈಕಲ್ ಪ್ರವಾಸ ಇದಲ್ಲ ಎಂದು ಮೂಗು ಮುರಿಯುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ.

ಇದು ಸೈಕಲ್ಲಿಗೆಂದು ಹುಟ್ಟಿದ ದಾರಿಯಲ್ಲ. 1880ರ ದಶಕದಲ್ಲಿ ಪ್ರಷ್ಯಾ ಸರ್ಕಾರ ಹಾಕಿಸಿದ ರೈಲು ಮಾರ್ಗ. ಆಖೆನ್ ಸುತ್ತಲಿನ ಕಲ್ಲಿದ್ದಲು ಲಕ್ಸೆಂಬರ್ಗಿನ ಉಕ್ಕಿನ ಕುಲುಮೆಗಳಿಗೆ, ಅಲ್ಲಿನ ಅದಿರು ಇತ್ತ ಕಡೆಗೆ ಸಾಗಲೆಂದು ಅದನ್ನು ಕಟ್ಟಿದರು. ಮೊದಲನೇ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಈ ಮಾರ್ಗ ಬೆಲ್ಜಿಯಂ ಪಾಲಾಯಿತು. ವಿಚಿತ್ರವೆಂದರೆ, ಎರಡೂ ಬದಿಯ ಹೊಲ ಮನೆಗಳು ಜರ್ಮನಿಯದಾಗಿದ್ದ ಕಡೆಯೂ ಹಳಿ ಹಾಸಿದ ಪಟ್ಟಿಯಷ್ಟು ನೆಲ ಬೆಲ್ಜಿಯಂನದು. ಹಳಿಯ ಪಶ್ಚಿಮಕ್ಕೆ ಉಳಿದ ಜರ್ಮನ್ ತುಣುಕುಗಳು ತಾಯ್ನಾಡಿನಿಂದ ಕಡಿದುಹೋದವು. ಹಳಿಗಳನ್ನು ಕಿತ್ತುಹಾಕಿದ ಮೇಲೂ ಗಡಿ ಹಾಗೆಯೇ ಉಳಿದಿದೆ. 2013ರಲ್ಲಿ ಸೈಕಲ್ ಹಾದಿಯಾಗಿ ತೆರೆದ ಈ ಪಟ್ಟಿಯ ಮೇಲೆ ಹೋಗುವವರು ಒಂದೇ ಬೆಳಗ್ಗೆ ಎಷ್ಟು ಸಲ ದೇಶ ದಾಟಿದೆವೆಂಬ ಲೆಕ್ಕ ಇಡಲಾರರು.

ಪರವಾಗಿ ಹೇಳಬೇಕಾದ ಮೊದಲ ಮಾತು ಏರಿನದು. ಉಗಿಬಂಡಿಗೆ ಕಡಿದಾದ ಏರು ಆಗದು. ಆದ್ದರಿಂದ ಎಂಜಿನಿಯರುಗಳು ಗುಡ್ಡ ಸೀಳಿ, ಕಣಿವೆಗೆ ಮಣ್ಣು ತುಂಬಿ, ಬಳಸಿ ಬಳಸಿ ದಾರಿ ತೆಗೆದರು. ಫೆನ್‌ಬಾನಿನಲ್ಲಿ ಏರು ಹೆಚ್ಚೆಂದರೆ ನೂರಕ್ಕೆ ಎರಡರ ಆಸುಪಾಸು. ಬೆಲ್ಜಿಯಂನ ಅತಿ ಎತ್ತರದ ನೆಲ, 694 ಮೀಟರಿನ ಬೊತ್ರಾಂಜ್, ಇದೇ ಸೀಮೆಯಲ್ಲಿದೆ. ಆದರೂ ಹಿಂದಿನ ಚಕ್ರದ ಎರಡೂ ಬದಿಗೆ ಬಟ್ಟೆಬರೆಯ ಚೀಲ ನೇತುಹಾಕಿಕೊಂಡ ಅರವತ್ತು ದಾಟಿದ ದಂಪತಿ, ಮಗುವನ್ನು ಹಿಂದಿನ ಗಾಡಿಯಲ್ಲಿ ಕೂರಿಸಿಕೊಂಡ ತಾಯಿ ಏದುಸಿರಿಲ್ಲದೆ ಹತ್ತಿಬಿಡಬಹುದು. ಪಕ್ಕಪಕ್ಕದಲ್ಲಿ ಮಾತಾಡಿಕೊಂಡು ತುಳಿಯಬಹುದು. ರಸ್ತೆಯಲ್ಲಿ ಹೋಗುವವರಿಗೆ ಈ ಸುಖ ಎಲ್ಲಿಯದು? ಅವರ ಅರ್ಧ ಗಮನ ಕಿವಿಯಲ್ಲೇ ಇರುತ್ತದೆ, ಹಿಂದೆ ಬರುತ್ತಿರುವುದು ಕಾರೋ ಟ್ರಕ್ಕೋ ಎಂದು. ಬೆಟ್ಟ ನೋಡುವ ಹಕ್ಕು ಗಟ್ಟಿ ತೊಡೆಯವರಿಗೆ ಮಾತ್ರವಲ್ಲ ಎಂಬುದನ್ನು ಈ ಹಾದಿ ತೋರಿಸಿಕೊಟ್ಟಿದೆ. ನನ್ನ ಮಟ್ಟಿಗೆ ಅದರ ದೊಡ್ಡ ಸಾಧನೆ ಅದೇ.

ಊರುಗಳಿಗೂ ಲಾಭವಿದೆ. ರೈಲು ನಿಂತ ಮೇಲೆ ಮಂಕಾಗಿದ್ದ ಸ್ಟೇಷನ್ನುಗಳ ಸುತ್ತ ಕಾಫಿ, ತಿಂಡಿ, ಸೈಕಲ್ ಬಾಡಿಗೆ, ರಾತ್ರಿ ತಂಗುವ ಕೋಣೆಗಳ ವ್ಯವಹಾರ ಬಂತು. ಸೈಕಲ್ಲಿನವರು ನಿಧಾನ ಹೋಗುವವರು, ಬೇಗ ಹಸಿಯುವವರು. ಪೆಟ್ರೋಲ್ ತುಂಬಿಸಿ ಮಾಯವಾಗುವ ಗಿರಾಕಿಗಳಲ್ಲ.

ಈಗ ಎದುರು ಪಕ್ಷ. ಏರು ಇಲ್ಲದಂತೆ ಮಾಡಿದರೆ ಬೆಟ್ಟದಲ್ಲಿ ಉಳಿದದ್ದೇನು ಎಂದು ಅವರು ಕೇಳುತ್ತಾರೆ. ಗುಡ್ಡ ಕಡಿದು ಮಾಡಿದ ಓಣಿಯಲ್ಲಿ ಮೈಲುಗಟ್ಟಲೆ ಹೋದರೆ ಎರಡೂ ಕಡೆ ಮಣ್ಣಿನ ದಿಬ್ಬ, ಅದರ ಮೇಲೆ ಸ್ಪ್ರೂಸ್ ಮರಗಳ ಗೋಡೆ. ನೋಟ ತೆರೆದುಕೊಳ್ಳುವುದು ಅಪರೂಪ. ರೈಲು ಊರಿಗಾಗಿ ತಗ್ಗಿಗೆ ಇಳಿಯುವುದಿಲ್ಲ, ಹಾಗಾಗಿ ಹಾದಿಯೂ ಇಳಿಯುವುದಿಲ್ಲ. ಮರದ ಚೌಕಟ್ಟಿನ ಹಳೆಯ ಮನೆಗಳಿಗೆ ಹೆಸರಾದ ಮೋನ್‌ಶೌ ಪಟ್ಟಣವಿರುವುದು ಆಳದ ಕಣಿವೆಯಲ್ಲಿ, ಹಾದಿ ಅದರ ಮೇಲೆಲ್ಲೋ ಸಾಗಿಹೋಗುತ್ತದೆ. ಪಟ್ಟಣ ನೋಡಲು ಕಡಿದಾದ ರಸ್ತೆ ಇಳಿಯಬೇಕು, ಮರಳಿ ಹತ್ತಬೇಕು. ಎಷ್ಟೋ ಜನ ಅಷ್ಟು ಕಷ್ಟವೇಕೆಂದು ಮುಂದೆ ಹೋಗಿಬಿಡುತ್ತಾರೆ. ಪ್ರದೇಶವನ್ನು ದಾಟುವುದು ಬೇರೆ, ನೋಡುವುದು ಬೇರೆ ಎಂಬ ದೂರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ವಾಹನವಿಲ್ಲ ಎಂದರೆ ಗದ್ದಲವಿಲ್ಲ ಎಂದೂ ಅಲ್ಲ. ಬೇಸಿಗೆಯ ಭಾನುವಾರ ಇಲೆಕ್ಟ್ರಿಕ್ ಸೈಕಲ್ಲುಗಳು, ನಾಯಿ ಹಿಡಿದು ನಡೆಯುವವರು, ತಂಡ ಕಟ್ಟಿಕೊಂಡು ಜೋರಾಗಿ ತುಳಿಯುವವರು ಎಲ್ಲರಿಗೂ ಅದೇ ಕಿರಿದಾದ ಡಾಂಬರು. ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಬರುವವರೂ ಇದ್ದಾರೆ. ಕಾರು ಹೊಗೆ ಬಿಟ್ಟದ್ದು ಬೇರೆ ರಸ್ತೆಯಲ್ಲಿ, ಅಷ್ಟೇ.

ಕಾಡಿನ ಲೆಕ್ಕ ಇದಕ್ಕಿಂತ ಜಟಿಲ. ಹಳಿಯಿದ್ದ ಜಾಗಕ್ಕೇ ಡಾಂಬರು ಬಿದ್ದದ್ದರಿಂದ ಬಹುತೇಕ ಹೊಸದಾಗಿ ಮರ ಕಡಿಯಬೇಕಾಗಲಿಲ್ಲ. ಆದರೆ ರೈಲು ನಿಂತು ಹಾದಿ ಬರುವ ನಡುವಿನ ಬಿಡುವಿನಲ್ಲಿ ಬೇರೆ ಜೀವಿಗಳು ಬಂದು ನೆಲೆಸಿದ್ದವು. ಲಕ್ಸೆಂಬರ್ಗ್ ಗಡಿಯ ಬಳಿಯ ಹಳೆಯ ಸುರಂಗವನ್ನು ಬಾವಲಿಗಳಿಗೇ ಬಿಟ್ಟುಕೊಟ್ಟರು. ಅಲ್ಲಿ ಸೈಕಲ್ಲಿನವರು ಗುಡ್ಡದ ಮೇಲೆ ಹತ್ತಿ ಇಳಿಯಬೇಕು. ಇಡೀ ಹಾದಿಯಲ್ಲಿ ನನಗೆ ತುಂಬ ಒಪ್ಪಿಗೆಯಾದ ತೀರ್ಮಾನ ಇದು. ಪಕ್ಕದ ಹೈ ಫೆನ್ಸ್ ಜೌಗುನೆಲದಲ್ಲೂ ಇದೇ ಕಟ್ಟುನಿಟ್ಟು: ಬೆಂಕಿಯ ಭಯವಿರುವ ಒಣ ದಿನಗಳಲ್ಲಿ ಕೆಂಪು ಬಾವುಟ ಹಾರಿಸಿ ದಾರಿ ಮುಚ್ಚುತ್ತಾರೆ, ಕೆಲವು ಭಾಗಗಳಿಗೆ ಮಾರ್ಗದರ್ಶಿಯಿಲ್ಲದೆ ಪ್ರವೇಶವೇ ಇಲ್ಲ. ಮುಚ್ಚಲು ಗೊತ್ತಿರುವವರು ತೆರೆದರೆ ಭಯ ಕಡಿಮೆ.

ಈ ಮಾತು ಓದಿದ ಕನ್ನಡಿಗರಿಗೆ ಮಲೆನಾಡು ನೆನಪಾಗದೆ ಇರದು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ರೈಲು ಮಾರ್ಗದ ಏರೂ ಐವತ್ತಕ್ಕೆ ಒಂದು, ಅಂದರೆ ಹೆಚ್ಚುಕಡಿಮೆ ಫೆನ್‌ಬಾನಿನದೇ. ಅಲ್ಲಿ ಸೈಕಲ್ ಹಾದಿಯಿದ್ದಿದ್ದರೆ ಎಂದು ಬಾಯಲ್ಲಿ ನೀರೂರುತ್ತದೆ. ಆದರೆ ಅದು ರೈಲು ಓಡುತ್ತಿರುವ ಮಾರ್ಗ, ಹಳಿಯ ಮೇಲೆ ಚಾರಣಕ್ಕೂ ನಿಷೇಧವಿದೆ. ಉಳಿದದ್ದು ಘಾಟಿ ರಸ್ತೆಗಳು. ಆಗುಂಬೆಯ 14 ತಿರುವುಗಳಲ್ಲಿ ಬಸ್ಸು ಎದುರಾದಾಗ ಸೈಕಲ್ಲಿನವರಿಗೆ ಚರಂಡಿಯೇ ಗತಿ.

ಹಾಗಾದರೆ ಕಾಡಿನೊಳಗೆ ಸೈಕಲ್ಲಿಗೆಂದೇ ಹೊಸ ದಾರಿ ಮಾಡೋಣವೇ? ಇಲ್ಲಿ ನನ್ನ ತಕ್ಕಡಿ ಒಂದು ಕಡೆಗೆ ವಾಲುತ್ತದೆ. ಐಫೆಲ್ಲಿನಲ್ಲಿ ಸಾಮಾನ್ಯವಾಗಿ ಎದುರಾಗುವುದು ಜಿಂಕೆ, ಕಾಡುಹಂದಿ. ಪಶ್ಚಿಮ ಘಟ್ಟದಲ್ಲಿ ಆನೆ, ಕಾಟಿ. ಇಳಿಜಾರಿನಲ್ಲಿ ಸದ್ದಿಲ್ಲದೆ ವೇಗವಾಗಿ ಬರುವ ಸೈಕಲ್ ಪ್ರಾಣಿಗೆ ತಿಳಿಯುವಷ್ಟರಲ್ಲಿ ಮೈಮೇಲೆ ಬಂದಿರುತ್ತದೆ. 2016ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಕಾಡಿನ ತಿರುವೊಂದರಲ್ಲಿ ಸೈಕಲ್ ಸವಾರರೊಬ್ಬರು ಕರಡಿಗೆ ಡಿಕ್ಕಿ ಹೊಡೆದು, ಅದರ ದಾಳಿಯಲ್ಲಿ ಸತ್ತರು. ಕಾಡಿಗೆ ಸೈಕಲ್ ನಿರುಪದ್ರವಿ ಎಂಬ ನಂಬಿಕೆ ಸವಾರರ ಕಡೆಯಿಂದ ನೋಡಿದಾಗ ಹುಟ್ಟಿದ್ದು.

ಕಾಡಿನ ಹೊರಗೆ, ಕಾಫಿ ತೋಟಗಳ ಮತ್ತು ಹಳ್ಳಿಗಳ ನಡುವಿನ ಸಣ್ಣ ರಸ್ತೆಗಳ ಮಾತು ಬೇರೆ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಹೆದ್ದಾರಿಯನ್ನೇ ಮುಚ್ಚುತ್ತಿದ್ದೇವೆ. ಗಡಿಯಾರ ನೋಡಿ ರಸ್ತೆ ಮುಚ್ಚುವುದು ನಮಗೆ ಹೊಸದಲ್ಲ. ಪ್ರಾಣಿಗಳಿಗಾಗಿ ಮಾಡಿದ್ದನ್ನು ಈ ಸಣ್ಣ ರಸ್ತೆಗಳಲ್ಲಿ ಸೈಕಲ್ ತುಳಿಯುವ ಮನುಷ್ಯರಿಗಾಗಿ, ವಾರಕ್ಕೊಂದು ಬೆಳಗ್ಗೆ ಮಾಡುವುದು ಅಸಾಧ್ಯವೇ? ತೋಟದ ಕೆಲಸಕ್ಕೆ ಹೋಗುವವರಿಗೆ, ಹಾಲಿನ ವ್ಯಾನಿಗೆ, ಆಸ್ಪತ್ರೆಗೆ ಓಡುವವರಿಗೆ ತಡೆಯಿಲ್ಲದಂತೆ ನೋಡಿಕೊಳ್ಳಬೇಕು. ಊರವರ ಒಪ್ಪಿಗೆ ಮೊದಲು, ಪ್ರವಾಸಿಗರ ಸುಖ ಆಮೇಲೆ.

ಫೆನ್‌ಬಾನಿಗೆ ಹೋಗುವ ಅವಕಾಶ ಇರುವವರಿಗೆ ನನ್ನ ಸಲಹೆ ಇಷ್ಟು. ಮೊದಲ ಪ್ರವಾಸವಾದರೆ, ಜೊತೆಗೆ ಮಕ್ಕಳೋ ವಯಸ್ಸಾದವರೋ ಇದ್ದರೆ, ಹಾದಿ ಬಿಡಬೇಡಿ. ಕಾಲಲ್ಲಿ ಕಸುವಿದ್ದರೆ ನಡುವೆ ಒಂದು ದಿನವಾದರೂ ಸೈಕಲ್ ದಾರಿ ತೋರಿಸುವ ಬೆಲ್ಜಿಯಂನ ನಂಬರ್ ಫಲಕಗಳ ಜಾಡು ಹಿಡಿದು ಹಳ್ಳಿ ರಸ್ತೆಗೆ ತಿರುಗಿ. ಇಲ್ಲಿ ಮಲೆನಾಡಿನಲ್ಲಿ ತುಳಿಯುವವರು ಬೆಳಕು ಹರಿದ ಮೇಲೆ ಹೊರಡಿ, ಕಾಡಿನ ತಿರುವುಗಳಲ್ಲಿ ಬೆಲ್ ಬಾರಿಸಿ, ಚೆಕ್‌ಪೋಸ್ಟಿನವರು ಬೇಡವೆಂದರೆ ವಾದಿಸದೆ ತಿರುಗಿ ಬನ್ನಿ.