ಗಡಿಯ ಬಾಗಿಲಲ್ಲಿ ಮನಸ್ಸಿನ ಪರೀಕ್ಷೆ

ಪರದೇಶದಲ್ಲಿ ನೆಲಸಬಯಸುವವರ ದೇಹವನ್ನೂ ಕಾಗದಪತ್ರಗಳನ್ನೂ ಪರೀಕ್ಷಿಸುವರೆಂಬುದು ವಾಚಕರಿಗೆ ತಿಳಿದೇ ಇದೆ. ಮನಸ್ಸನ್ನೂ ಪರೀಕ್ಷಿಸುವುದುಂಟೆಂಬುದು ಕೆಲವರಿಗೆ ಹೊಸತಾಗಿ ತೋರಬಹುದು.

ನ್ಯೂಯಾರ್ಕ್ ರೇವಿನ ಎಲ್ಲಿಸ್ ದ್ವೀಪದಲ್ಲಿ 1892ರಿಂದ 1954ರ ವರೆಗೆ ವಲಸೆಗಾರರ ತನಿಖಾ ಠಾಣೆಯಿದ್ದಿತು. ಹಡಗಿಳಿದು ಸಾಲಾಗಿ ಬರುವವರಲ್ಲಿ ಯಾರ ಬುದ್ಧಿಯ ವಿಷಯವಾಗಿ ವೈದ್ಯರಿಗೆ ಸಂಶಯ ಹುಟ್ಟುವುದೋ ಅವರ ಮೇಲಂಗಿಗೆ ಸೀಮೆಸುಣ್ಣದಿಂದ ‘ಎಕ್ಸ್’ ಗುರುತು ಬೀಳುತ್ತಿತ್ತು. ಭಾಷೆಯರಿಯದ ರೈತನಿಗೆ ಪ್ರಶ್ನೆಗಳನ್ನು ಕೇಳಿ ಫಲವೇನು? ಆದುದರಿಂದ ಅಲ್ಲಿನ ವೈದ್ಯರಾದ ಹೋವರ್ಡ್ ನಾಕ್ಸ್ ಎಂಬವರು ದಾಳದಾಕಾರದ ನಾಲ್ಕು ಮರದ ತುಂಡುಗಳನ್ನು ಸಾಲಾಗಿಟ್ಟು, ಇನ್ನೊಂದರಿಂದ ಅವುಗಳನ್ನು ಒಂದು ಕ್ರಮದಲ್ಲಿ ತಟ್ಟಿ ತೋರಿಸಿ, ನೀನೂ ಹೀಗೆಯೇ ತಟ್ಟೆಂದು ಸನ್ನೆ ಮಾಡುವ ಪರೀಕ್ಷೆಯೊಂದನ್ನು ರಚಿಸಿ 1914ರಲ್ಲಿ ಪ್ರಕಟಿಸಿದರು. ಉಪಾಯವೇನೋ ಚತುರವಾದುದೇ. ಆದರೆ ತಪ್ಪಿದರೆ ಹಿಂದಕ್ಕೆ ಅಟ್ಟುವರೆಂಬ ಭಯದಲ್ಲಿ ಯಾರ ಕೈ ತಾನೇ ನಡುಗದು!

ಅಂದು ತಡೆಯುವುದಕ್ಕೆ ಬಳಕೆಯಾದ ಶಾಸ್ತ್ರವೇ ಇಂದು ಬಂದವರ ಪರವಾಗಿ ಸಾಕ್ಷಿ ನುಡಿಯುವುದೂ ಉಂಟು. ಸ್ವದೇಶದಲ್ಲಿ ಪೀಡನೆಗೆ ಗುರಿಯಾಗಿ ಓಡಿಬಂದು ಆಶ್ರಯ ಬೇಡುವವನ ಬಳಿ ಅನೇಕವೇಳೆ ತನ್ನ ಮಾತಿನ ಹೊರತು ಬೇರೆ ಆಧಾರವಿರದು. ಆ ಮಾತಿನಲ್ಲಿ ಪೂರ್ವಾಪರ ವಿರೋಧವು ಕಂಡುಬಂದರೆ, ಅದು ಮುಖ್ಯ ಸಂಗತಿಗೆ ಸೇರದ್ದಾದರೂ, ಅವನನ್ನು ನಂಬದಿರಲು 2005ರ ಕಾಯಿದೆಯು ಅಮೆರಿಕದ ನ್ಯಾಯಾಧೀಶರಿಗೆ ಅವಕಾಶವನ್ನು ಕೊಟ್ಟಿದೆ. ಆದರೆ ಹಿಂಸೆಯನ್ನುಂಡವನ ನೆನಪು ಶಾನುಭೋಗರ ಕಡತದಂತೆ ತಾರೀಕುವಾರು ಜೋಡಿಸಿಟ್ಟದ್ದಲ್ಲ. ಬಾಗಿಲಾಚೆ ಕೇಳಿದ ಬೂಟಿನ ಸದ್ದು ಅವನಿಗೆ ನೆನಪಿರುವುದು, ತಿಂಗಳು ಮರೆತುಹೋಗಿರುವುದು. ಕಣ್ಣೀರಿಲ್ಲದೆ, ಇನ್ನೊಬ್ಬರ ಕಥೆಯಂತೆ ಹೇಳಿಬಿಡುವನು. ಕೇಳುವ ಅಧಿಕಾರಿಗೆ ಇದು ಕಟ್ಟುಕಥೆಯೆಂದು ತೋರುವುದು.

ಇಲ್ಲಿಯೇ ಮನೋವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ವರದಿಯು ಒದಗುವುದು. ದುಭಾಷಿಯನ್ನಿಟ್ಟುಕೊಂಡು ಗಂಟೆಗಟ್ಟಲೆ ಕುಳಿತು, ಅವನ ನಿದ್ರೆ, ದುಃಸ್ವಪ್ನ, ಬೆಚ್ಚಿಬೀಳುವಿಕೆಗಳನ್ನು ವಿಚಾರಿಸಿ, ಈ ಲಕ್ಷಣಗಳು ಅವನು ಹೇಳುವ ಅನುಭವಕ್ಕೆ ಎಷ್ಟರಮಟ್ಟಿಗೆ ಹೊಂದುವುವೆಂದು ಅವರು ಬರೆದುಕೊಡುವರು. ಘಟನೆ ನಡೆದುದೇ ದಿಟವೆಂದು ಸಾರುವುದು ಅವರ ಕೆಲಸವಲ್ಲ. ನಂಬುವುದೂ ಬಿಡುವುದೂ ನ್ಯಾಯಾಧೀಶರಿಗೆ ಸೇರಿದುದು. ಇಂಥ ಪರೀಕ್ಷೆಯ ವಿಧಾನವನ್ನು ವಿವರಿಸುವ ‘ಇಸ್ತಾಂಬುಲ್ ಪ್ರೋಟೋಕಾಲ್’ ಎಂಬ ಕೈಪಿಡಿಯು 1999ರಲ್ಲಿ ಸಿದ್ಧವಾಗಿ, 2022ರಲ್ಲಿ ಪರಿಷ್ಕೃತವಾಯಿತು. ಆಶ್ರಯದ ಅರ್ಜಿಯನ್ನು ದೇಶಕ್ಕೆ ಬಂದ ಒಂದು ವರ್ಷದೊಳಗೆ ಸಲ್ಲಿಸತಕ್ಕದ್ದೆಂಬ ನಿಯಮವು ಅಮೆರಿಕದಲ್ಲುಂಟು. ಮನೋವ್ಯಾಧಿಯಿಂದ ತಡವಾಗಿದ್ದರೆ, ಅದನ್ನು ಮನಗಾಣಿಸುವುದಕ್ಕೂ ಈ ವರದಿಯು ಬೇಕಾಗುವುದು.

ನಮ್ಮ ಮನೆಗಳಿಗೆ ಇದು ತೀರ ದೂರದ ವಿಷಯವಲ್ಲ. ವಿವಾಹವಾಗಿ ಅಮೆರಿಕಕ್ಕೆ ತೆರಳಿದ ಹೆಣ್ಣುಮಗಳೊಬ್ಬಳು ಗಂಡನ ಕ್ರೌರ್ಯಕ್ಕೆ ಸಿಕ್ಕಿರಬಹುದು. ಅವನು ಅಲ್ಲಿನ ಪ್ರಜೆಯೋ ಖಾಯಂ ನಿವಾಸಿಯೋ ಆಗಿದ್ದರೆ, ಅವನ ಸಹಿಯಿಲ್ಲದೆ, ಅವನಿಗೆ ತಿಳಿಯದಂತೆ, ತಾನೇ ಅರ್ಜಿ ಹಾಕಿಕೊಳ್ಳಲು 1994ರ ಕಾಯಿದೆಯು ದಾರಿ ಮಾಡಿದೆ. ಅವನು ಕೇವಲ ಉದ್ಯೋಗದ ವೀಸಾದ ಮೇಲಿದ್ದರೆ ಈ ದಾರಿಯಿಲ್ಲ. ಬೇರೆ ಉಪಾಯವನ್ನು ಅಲ್ಲಿನ ವಕೀಲರಲ್ಲಿ ವಿಚಾರಿಸಬೇಕು. ಮೈಮೇಲೆ ಗಾಯ ಕಾಣದ ಕ್ರೌರ್ಯವನ್ನೂ ಆ ಕಾಯಿದೆಯು ಎಣಿಕೆಗೆ ತೆಗೆದುಕೊಳ್ಳುವುದರಿಂದ ಮನಶ್ಶಾಸ್ತ್ರಜ್ಞರ ವರದಿಗೆ ಅಲ್ಲಿ ಬೆಲೆಯುಂಟು. ಮಗಳು ಆಗ ತವರಿಗೆ ಫೋನಿನಲ್ಲಿ ಕಳುಹಿಸಿದ ಸಂದೇಶಗಳೂ ತಾರೀಕಿನೊಡನೆ ಇದ್ದರೆ ಪ್ರಯೋಜನಕ್ಕೆ ಬರುವುವು. ಅವನ್ನು ಓದಿ ದುಃಖಪಟ್ಟು ಅಳಿಸಿಬಿಡುವ ತಾಯಂದಿರೇ ಹೆಚ್ಚು. ಅಳಿಸದೆ ಜೋಪಾನವಾಗಿ ಇಟ್ಟಿರಿ.